ಶಾಖಕ್ಕೆ ಕೆಟ್ಟ ಬೋರ್ಡೋ ವೈನ್ ಮಾರಾಟದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಆಮದು ವೈನ್ ಮಳಿಗೆ, ಬೆಂಗಳೂರು

ಮಾನ್ಯರೇ,

ವಿಷಯ: ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ 2016ರ ಓ-ಮೆಡಾಕ್ ಕೆಂಪು ವೈನಿನ ಎರಡು ಬಾಟಲಿಗಳ ಹಣ ಹಿಂದಿರುಗಿಸುವ ಬಗ್ಗೆ.

ಕಳೆದ ತಿಂಗಳು ತಮ್ಮಲ್ಲಿ ಖರೀದಿಸಿದ ಈ ವೈನ್ ಶಾಖಕ್ಕೆ ಕೆಟ್ಟಿದೆಯೆಂದು ದೂರವಾಣಿಯಲ್ಲಿ ತಿಳಿಸಿದಾಗ, ಹಳೆಯ ಬೋರ್ಡೋ ಇರುವುದೇ ಹೀಗೆ ಎಂದು ತಮ್ಮ ಸಿಬ್ಬಂದಿ ಉತ್ತರಿಸಿದರು. ಅದನ್ನು ನಾನು ಒಪ್ಪುವುದಿಲ್ಲ.

ಮೊದಲ ಬಾಟಲಿಯ ಕತ್ತಿನ ಹೊದಿಕೆ ಬಿಡಿಸುವಾಗಲೇ ಕೈಗೆ ಅಂಟುತ್ತಿತ್ತು. ಬಾಟಲಿಯ ಬಾಯಿಗಿಂತ ತುಸು ಮೇಲೆದ್ದಿದ್ದ ಬೂಚನ್ನು ಹೊರತೆಗೆದಾಗ, ಅದರ ಒಂದು ಮಗ್ಗುಲಲ್ಲಿ ಬುಡದಿಂದ ತುದಿಯವರೆಗೂ ವೈನ್ ಜಿನುಗಿದ ಕೆಂಪು ಗೆರೆ ಕಂಡಿತು. ಶಾಖಕ್ಕೆ ಹಿಗ್ಗಿದ ವೈನ್ ಬೂಚನ್ನು ನೂಕುವುದು ಹೀಗೆಯೇ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ವೈನಿನ ಅಂಚು ಇಟ್ಟಿಗೆಗೆಂಪನ್ನೂ ದಾಟಿ ಕಂದಾಗಿತ್ತು.

ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿ ಮುಂದಾಗಿ, ಮೆರ್ಲೋ ದ್ರಾಕ್ಷಿ ಬೆರೆತ ಮೆಡಾಕ್ ವೈನಿನಲ್ಲಿ ಕಪ್ಪು ಕರಂಟ್, ಸೀಡರ್ ಮರ, ಆಗತಾನೆ ಕೆತ್ತಿದ ಪೆನ್ಸಿಲ್ಲಿನ ಪರಿಮಳ ನಿರೀಕ್ಷಿತ. ವಯಸ್ಸಾದಂತೆ ತಂಬಾಕು, ತೊಗಲಿನ ಛಾಯೆ ಸೇರುತ್ತದೆ, ಒಗರು ನಯವಾಗುತ್ತದೆ. ಇಲ್ಲಿ ಮೂಗಿಗೆ ಬಡಿದದ್ದು ತಳ ಹಿಡಿದ ಜಾಮಿನ ವಾಸನೆ. ಒಂದು ಗಂಟೆ ಗಾಳಿಗಿಟ್ಟ ಮೇಲೂ ಬಾಯಲ್ಲಿ ಹಣ್ಣಿನ ಸುಳಿವಿರಲಿಲ್ಲ, ಒಣ ಒಗರು ಮತ್ತು ಹುಳಿ ಒಂದಕ್ಕೊಂದು ಕೂಡದೆ ಉಳಿದವು. ಬೂಚಿನಿಂದ ವೈನಿಗೆ ಇಳಿಯುವ ಟಿಸಿಎ ಎಂಬ ರಾಸಾಯನಿಕದ ದೋಷವಾಗಿದ್ದರೆ ಒದ್ದೆ ರಟ್ಟಿನ ವಾಸನೆ ಬರಬೇಕಿತ್ತು, ಅದೂ ಇರಲಿಲ್ಲ. ಮೇಲಾಗಿ, 2016 ಮೆಡಾಕ್ ಇರುವ ಬೋರ್ಡೋದ ಎಡದಂಡೆಗೆ ಒಳ್ಳೆಯ ವರ್ಷವೆಂದೇ ಹೆಸರಾದದ್ದು, ಅದರ ವೈನಿಗೆ ವಯಸ್ಸಿನ ನೆಪ ಹೇಳುವುದು ಸಲ್ಲದು.

ಕಾರಣ ತಮ್ಮ ಮಳಿಗೆಯಲ್ಲೇ ಕಾಣುತ್ತದೆ. ಸುಮಾರು 12ರಿಂದ 14 ಡಿಗ್ರಿಯ ತಂಪಿನಲ್ಲಿ, ಬೆಳಕು ತಾಗದಂತೆ ಅಡ್ಡಲಾಗಿ ಮಲಗಿರಬೇಕಾದ ಬಾಟಲಿಗಳು ಪಶ್ಚಿಮದ ಗಾಜಿನ ಗೋಡೆಗೆ ಒತ್ತಿದ ಕಪಾಟಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಿ ನೆಟ್ಟಗೆ ನಿಂತಿವೆ. ಆಮದು ಸುಂಕದ ಹೊರೆಯನ್ನೂ ಹೊತ್ತು ಬೆಲೆ ತೆರುವ ಗ್ರಾಹಕನ ವೈನಿಗೆ ಕನಿಷ್ಠ ನೆರಳಾದರೂ ಸಿಗಬೇಡವೇ?

ಎರಡನೆಯ ಬಾಟಲಿಯನ್ನು ತೆರೆದಿಲ್ಲ. ಅದರ ಬೂಚೂ ಮೇಲೆದ್ದಿದೆ. ತಾವು ಬಯಸಿದರೆ ತಮ್ಮೆದುರೇ ತೆರೆದು, ತಮ್ಮ ಸಿಬ್ಬಂದಿಯೇ ರುಚಿ ನೋಡಲಿ. ಅದೇ ಕಪಾಟಿನ ಬದಲಿ ಬಾಟಲಿ ನನಗೆ ಬೇಡ. 15 ದಿನಗಳೊಳಗೆ ಎರಡರ ಪೂರ್ಣ ಬೆಲೆಯನ್ನು ಹಿಂದಿರುಗಿಸಬೇಕು. ತಪ್ಪಿದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ರಸೀದಿಯ ಪ್ರತಿ, ಬೂಚಿನ ಮತ್ತು ಕಪಾಟಿನ ಫೋಟೊಗಳು