ಭಾನುವಾರ ವೀರಸೌಧಕ್ಕೆ ಹೋಗೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಬೆಳಗಾವಿಯ ಟಿಳಕವಾಡಿಯ ವೀರಸೌಧದ ಗೇಟ್ ಹತ್ತಿರ ಸೇರೋಣ. ಇದು 1924ರ ಕಾಂಗ್ರೆಸ್ ಅಧಿವೇಶನದ ನೆನಪಿನ ಸ್ಮಾರಕ. ಮಕ್ಕಳನ್ನು ತಪ್ಪದೇ ಕರೆದುಕೊಂಡು ಬನ್ನಿ.

ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದು ಜೀವನದಲ್ಲಿ ಒಂದೇ ಸಲ. ಅದು ನಮ್ಮೂರಲ್ಲಿ, 1924ರ ಡಿಸೆಂಬರ್ 26 ಮತ್ತು 27ರಂದು. ಅಧಿವೇಶನದ ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟಿದ್ದರು. ಬಂದವರಿಗೆಲ್ಲ ನೀರು ಬೇಕಲ್ವಾ? ಅದಕ್ಕೆಂದೇ ಬಾವಿ ತೋಡಿ, ಪಂಪಾ ಸರೋವರ ಎಂದು ಕರೆದರು. ಜನರ ಬಾಯಲ್ಲಿ ಅದು ಕಾಂಗ್ರೆಸ್ ಬಾವಿ. ಇವತ್ತಿಗೂ ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಈ ಬಾವಿಯೇ. ಭಾಷಣ ಕೇಳಿದ ಜನ ಈಗಿಲ್ಲ, ಅವರ ಬಾಯಾರಿಕೆ ತಣಿಸಿದ ಬಾವಿ ಮಾತ್ರ ಉಳಿದಿದೆ.

ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಇಲ್ಲಿ ಸ್ವಾಗತಗೀತೆ ಹಾಡಿದ್ದರು. ಇದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಸಮ್ಮೇಳನವೂ ನಡೆಯಿತು. ದೇಶದ ಮಾತು, ನಾಡಿನ ಮಾತು ಎರಡೂ ಒಂದೇ ಊರಲ್ಲಿ!

ಇದಕ್ಕೂ ಮೊದಲೇ, 1916ರಲ್ಲಿ, ಟಿಳಕರು ಸ್ವರಾಜ್ಯ ಕೇಳುವ ಹೋಂ ರೂಲ್ ಲೀಗ್ ಎಂಬ ಸಂಘಟನೆ ಶುರು ಮಾಡಿದ್ದೂ ಬೆಳಗಾವಿಯಲ್ಲೇ. ಅಧಿವೇಶನದ ಹೊಣೆ ಹೊತ್ತ ಗಂಗಾಧರರಾವ್ ದೇಶಪಾಂಡೆಯವರ ಊರು ಹುದಲಿ ಹತ್ತಿರದಲ್ಲೇ ಇದೆ. ಸಮಯ ಉಳಿದರೆ ಅಲ್ಲಿಗೂ ಹೋಗಿ ಬರೋಣ, ಖಾದಿ ಕೊಳ್ಳಬಹುದು.

ಮನೆಯಲ್ಲಿ ಅಜ್ಜ ಅಜ್ಜಿ ಹೇಳಿದ ನೆನಪುಗಳಿದ್ದರೆ, ಹಳೇ ಫೋಟೋ ಇದ್ದರೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ನೀರಿನ ಬಾಟಲಿ, ಟೋಪಿ ಮರೀಬೇಡಿ.