ಮೊದಲ ಹಾಡಿಗೆ ಕತ್ತರಿ ಹಾಕಬೇಡ

ಪುಟ್ಟಿ,

ರಾತ್ರಿ ನೀನು ಫೋನ್ ಇಟ್ಟುಬಿಟ್ಟೆ, ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯಿತು. ‘ಫಾಲ್ಸೆಟ್ಟೋಸ್’ ಸಂಗೀತನಾಟಕದ ನಿರ್ದೇಶನ ನಿನ್ನ ಕೈಗೆ ಬಂದದ್ದು ಸಣ್ಣ ವಿಷಯವಲ್ಲ, ಹೆಮ್ಮೆಯಿದೆ. ಅದನ್ನು ಹೇಳುವ ಮೊದಲೇ ಜಗಳ ಶುರುವಾಯಿತು. ಯಹೂದಿ ಮಾತುಗಳನ್ನೆಲ್ಲ ತೆಗೆದು ‘ಯಾರ ಮನೆಯಲ್ಲಾದರೂ ನಡೆಯುವ ಕಥೆ’ ಮಾಡ್ತೀನಿ ಅಂದೆಯಲ್ಲ, ಅದೊಂದು ನನಗೆ ಒಪ್ಪಿಗೆಯಿಲ್ಲ.

ಕತ್ತರಿ ಮೊದಲು ಬೀಳುವುದು ‘ಫೋರ್ ಜ್ಯೂಸ್ ಇನ್ ಎ ರೂಮ್ ಬಿಚಿಂಗ್’ (ಕೋಣೆಯಲ್ಲಿ ಗೊಣಗುವ ನಾಲ್ವರು ಯಹೂದಿಗಳು) ಹಾಡಿಗೆ ಅಂತ ಗೊತ್ತು. ಮಾರ್ವಿನ್, ಅವನ ಪ್ರೇಮಿ ವಿಝರ್, ಮನೋವೈದ್ಯ ಮೆಂಡೆಲ್, ಮಗ ಜೇಸನ್ ನಾಲ್ವರೂ ಬಂದು ಮೊದಲು ತಾವು ಯಹೂದಿಗಳು ಅನ್ನುತ್ತಾರೆ. ಮಾರ್ವಿನ್ ಹೆಂಡತಿ ಮಗನನ್ನು ಬಿಟ್ಟು ವಿಝರ್ ಜೊತೆ ಹೋದದ್ದು ತಿಳಿಯುವುದು ಆಮೇಲೆ. ಬಿಟ್ಟುಹೋದವನಿಗೂ ಹೆಂಡತಿ, ಮಗ, ಪ್ರೇಮಿ ಎಲ್ಲರೂ ಒಂದೇ ಮನೆಯಲ್ಲಿರಬೇಕು ಅನ್ನುವ ಹಟ. ಆ ಹಟಕ್ಕೆ ಬೇರು ಈ ಮೊದಲ ಹಾಡಿನಲ್ಲಿದೆ. ಅದನ್ನು ಕಿತ್ತರೆ ಉಳಿಯುವವನು ಬರೀ ಸ್ವಾರ್ಥಿ.

ಈ ಕತ್ತರಿ ಹೊಸದೇನಲ್ಲ, ಅದೇ ನನ್ನ ಭಯ. ‘ವೆಸ್ಟ್ ಸೈಡ್ ಸ್ಟೋರಿ’ ಸಂಗೀತನಾಟಕ ಮಾಡಿದ ಬರ್ನ್‌ಸ್ಟೈನ್, ಲಾರೆಂಟ್ಸ್, ಸಾಂಡ್‌ಹೈಮ್, ರಾಬಿನ್ಸ್ ನಾಲ್ವರೂ ಯಹೂದಿಗಳು, ನಾಲ್ವರೂ ಗಂಡಸರನ್ನು ಪ್ರೀತಿಸಿದವರು. 1949ರಲ್ಲಿ ಹೊಳೆದ ಕಥೆ ಯಹೂದಿ–ಕ್ಯಾಥೊಲಿಕ್ ಜಗಳದ್ದು. 1957ರಲ್ಲಿ ರಂಗಕ್ಕೆ ಬಂದಾಗ ಕಥೆಯ ನಡುವೆ ಯಹೂದಿಯೂ ಇಲ್ಲ, ಸಲಿಂಗಿಯೂ ಇಲ್ಲ. ನಾಜಿಗಳು ಮೇಲೇರುತ್ತಿದ್ದ ಕಾಲದ ಬರ್ಲಿನ್ ಕ್ಲಬ್ಬಿನ ಕಥೆ, 1966ರ ‘ಕ್ಯಾಬರೆ’ಯನ್ನೇ ನೋಡು. ನಿರೂಪಕ ಗೊರಿಲ್ಲಾ ವೇಷದವಳ ಜೊತೆ ಕುಣಿದು, ನನ್ನ ಕಣ್ಣಿಂದ ನೋಡಿದರೆ ಇವಳು ಯಹೂದಿಯ ಹಾಗೆ ಕಾಣಿಸುವುದೇ ಇಲ್ಲ ಅನ್ನುತ್ತಾನೆ. ನಾಜಿಗಳ ದ್ವೇಷಕ್ಕೆ ನಗುತ್ತಾ ಕೂತ ಪ್ರೇಕ್ಷಕನ ಮುಖಕ್ಕೇ ಬೀಳುವ ಸಾಲು ಅದು. ಯಹೂದಿ ಪ್ರೇಕ್ಷಕರೇ ಆಕ್ಷೇಪಿಸಿದರು, ಸಾಲು ಬದಲಾಯಿತು, ‘ಕುರೂಪಿ’ ಅನ್ನುವ ಯಿಡ್ಡಿಶ್ ಪದ ಬಂತು, ಏಟು ಮೆತ್ತಗಾಯಿತು. ಅದೇ ನಾಟಕದಲ್ಲಿ ನಾಯಕ ಕ್ಲಿಫ್‌ಗೆ ಹೆಣ್ಣಿನ ಮೇಲೆ ಮಾತ್ರ ಪ್ರೀತಿ. ಸಾಲು ಮರಳಿದ್ದು 1972ರ ಸಿನಿಮಾದಲ್ಲಿ. ಕ್ಲಿಫ್ ದ್ವಿಲಿಂಗಾಸಕ್ತನಾದದ್ದು 1987ರ ಮರುಪ್ರಯೋಗದಲ್ಲಿ. ಒಂದೇ ನಾಟಕದಿಂದ ಎರಡನ್ನೂ ಒರೆಸಿದ್ದರು, ಎರಡಕ್ಕೂ ಕಾರಣ ‘ಪ್ರೇಕ್ಷಕರು ಏನಂದಾರು’. ನೀನು ಫೋನಿನಲ್ಲಿ ಅಂದದ್ದೂ ಇದನ್ನೇ ಕಣೇ. ನಿನ್ನ ಈ ನಾಟಕದ ವಿಲಿಯಂ ಫಿನ್ ಮೊದಲ ಅಂಕವನ್ನು 1981ರಲ್ಲೇ ಆ ಹಂಗು ಬಿಟ್ಟು ಬರೆದ.

ಸರಿ, ಕೆಲಸದ ಮಾತಿಗೆ ಬರ್ತೀನಿ. ಜೇಸನ್ ಪಾತ್ರಕ್ಕೆ ಕಾಲೇಜು ಹುಡುಗ ಬೇಡ, ಗಂಟಲು ಒಡೆಯದ ಹುಡುಗನೇ ಬೇಕು. ‘ಮಾರ್ಚ್ ಆಫ್ ದ ಫಾಲ್ಸೆಟ್ಟೋಸ್’ ಹಾಡಿನಲ್ಲಿ ಮೂವರು ಗಂಡಸರು ಕಳ್ಳದನಿಯಲ್ಲಿ (ಅದೇ ಫಾಲ್ಸೆಟ್ಟೋ) ಕಷ್ಟಪಟ್ಟು ಏರುವ ಎತ್ತರ ಅವನಿಗೆ ಸಹಜ ದನಿ. ಆ ವ್ಯತ್ಯಾಸ ಕೇಳಿಸದಿದ್ದರೆ ಹಾಡೇ ಇಲ್ಲ. ತಾಲೀಮಿನ ನಡುವೆ ದನಿ ಒಡೆಯಬಹುದು, ಇನ್ನೊಬ್ಬನನ್ನೂ ತಯಾರಿಡು.

ಬೇಸ್‌ಬಾಲ್ ಹಾಡಿನ ಸ್ಯಾಂಡಿ ಕೌಫ್ಯಾಕ್ಸ್ ಹೆಸರನ್ನೂ ಮುಟ್ಟಬೇಡ. 1965ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್) ಮೊದಲ ಪಂದ್ಯ ಯಹೂದಿಗಳ ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪುರ್‌ನಂದು ಬಿತ್ತೆಂದು ಆಡದೆ ಉಳಿದ ಯಹೂದಿ ಆಟಗಾರ ಅವನು. ಆಟ ಬಾರದ ಯಹೂದಿ ಹುಡುಗರ ತಮಾಷೆ ನಿಂತಿರುವುದೇ ಅವನ ಮೇಲೆ.

ಬಾರ್ ಮಿಟ್ಸ್ವಾ ಅಂದರೆ ಉಪನಯನದ ಹಾಗೆ ಅಂತ ನಟರಿಗೆ ಹೇಳಿಕೊಡಬೇಡ. ಇಲ್ಲಿ ತಂದೆ ಮಂತ್ರ ಉಪದೇಶಿಸುವುದಿಲ್ಲ, ಹದಿಮೂರರ ಹುಡುಗ ತಾನೇ ಎಲ್ಲರೆದುರು ಧರ್ಮಗ್ರಂಥ ಓದಿ ದೊಡ್ಡವನಾಗುತ್ತಾನೆ. ಅದು ಕಾಯಿಲೆ ಬಿದ್ದ ವಿಝರ್‌ನ ಆಸ್ಪತ್ರೆ ಕೋಣೆಯಲ್ಲೇ ಆಗಲಿ ಅನ್ನುವವನೂ ಜೇಸನ್ನೇ. ಹೀಬ್ರೂ ಪುಸ್ತಕ ಇಟ್ಟರೆ ಬಲದಿಂದ ಎಡಕ್ಕೆ ಓದಲಿ. ಕಣ್ಣು ಉಲ್ಟಾ ಓಡಿದರೆ ಬಲ್ಲವರು ಅಳುವ ಜಾಗದಲ್ಲಿ ನಗುತ್ತಾರೆ. ನೆತ್ತಿಯ ಮೇಲಿನ ಪುಟ್ಟ ಕಿಪ್ಪಾ ಟೋಪಿಗೆ ಕ್ಲಿಪ್ ಹಾಕಿಸು.

ಎರಡನೇ ಅಂಕ ನಡೆಯುವುದು 1981ರಲ್ಲಿ, ವಿಝರ್‌ಗೆ ಏಡ್ಸ್ ಬರುವುದೂ ಅಲ್ಲೇ. ಈ ಕಾಯಿಲೆ ಕಂಡ ಲಾಸ್ ಏಂಜಲೀಸಿನ ಐದು ಯುವಕರ ಬಗ್ಗೆ ಅಮೆರಿಕ ಸರ್ಕಾರದ ಮೊದಲ ವೈದ್ಯಕೀಯ ವರದಿ ಬಂದದ್ದು ಆ ವರ್ಷದ ಜೂನ್ 5ರಂದು; ಏಡ್ಸ್ ಅನ್ನುವ ಹೆಸರು ಬಂದದ್ದು 1982ರಲ್ಲಿ. ನಾಟಕದ ಡಾಕ್ಟರ್ ಶಾರ್ಲೆಟ್‌ಗೂ ಅದೇನೆಂದು ಗೊತ್ತಿಲ್ಲ. ಆದ್ದರಿಂದ ರಾಕೆಟ್‌ಬಾಲ್ ಅಂಕಣದಲ್ಲಿ ಕುಸಿಯುವವರೆಗೂ ವಿಝರ್‌ನನ್ನು ಕೆಮ್ಮಿಸಬೇಡ.

ಶಾರ್ಲೆಟ್, ಕಾರ್ಡೀಲಿಯಾರನ್ನು ಪಕ್ಕದ ಮನೆಯ ತಮಾಷೆ ಜೋಡಿ ಮಾಡಿಬಿಡುತ್ತಾರೆ ಕೆಲವರು. ಇಡೀ ನಾಟಕದಲ್ಲಿ ನೆಮ್ಮದಿಯ ಸಂಸಾರ ಇರುವುದು ಆ ಇಬ್ಬರು ಹೆಂಗಸರದ್ದೇ. ನಿನಗೆ ನಾನು ಹೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ಕತ್ತರಿಸಲೇಬೇಕು ಅಂದರೆ, ಹಕ್ಕುದಾರರ ಲಿಖಿತ ಒಪ್ಪಿಗೆ ತಗೋ. ಕೇಳದೆ ಸಾಲು ಬದಲಿಸಿದರೆ ಪ್ರದರ್ಶನವನ್ನೇ ನಿಲ್ಲಿಸಬಹುದು. ಭಾನುವಾರ ಫೋನ್ ಮಾಡು, ನೀವಿಬ್ಬರೂ ಮನೆಯಲ್ಲಿರುವಾಗ.

ಅಮ್ಮ