ಬಚ್ಚಲುಮನೆಯ ಬಾಗಿಲು

ಪುಟ್ಟೀ,

ನಾನು ಸಾಗರಕ್ಕೆ ಬಂದು ಮೂರು ವಾರವಾಯಿತು. ಅಜ್ಜಿಯ ಸೊಂಟದ ಹೊಲಿಗೆ ಬಿಚ್ಚಿದ್ದಾರೆ. ವಾಕರ್ ಹಿಡಿದು ನಡುಮನೆಯಿಂದ ಜಗಲಿಯವರೆಗೆ ಬರುತ್ತಾಳೆ, ಬಿಸಿಲಿಗೆ ಕೂರುತ್ತಾಳೆ. ಈಗ ಹೇಳಬೇಕೆಂದಿರುವುದು ಫೋನಿನಲ್ಲಿ ನನ್ನ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ತರಗತಿಗೆ ಅಳುತ್ತಾ ಹೋಗಿ ಕಲಿತೆಯಲ್ಲ, ಅದೇ ಅಕ್ಷರ. ನಿಧಾನಕ್ಕೆ ಓದು.

ಅಜ್ಜಿ ಬಿದ್ದದ್ದು ಬಚ್ಚಲುಮನೆಯ ಹೊಸ್ತಿಲು ಎಡವಿ. ನನ್ನ ಅಜ್ಜ ಕಟ್ಟಿಸಿದ ಮನೆ ಇದು. ಆ ಹೊಸ್ತಿಲು ಐದು ಇಂಚು ಎತ್ತರ. ಅಜ್ಜಿ ಈಗ ವಾಕರ್ ಅನ್ನು ಬಾಗಿಲ ಹೊರಗೇ ಬಿಟ್ಟು, ಒಂದು ಕೈ ಗೋಡೆಗೂ ಇನ್ನೊಂದು ಕೈ ನನ್ನ ಹೆಗಲಿಗೂ ಕೊಟ್ಟು ನಿಲ್ಲುತ್ತಾಳೆ. ಕಾಲೆತ್ತುವ ಮೊದಲು ಒಮ್ಮೆ ಉಸಿರು ಬಿಗಿಹಿಡಿಯುತ್ತಾಳೆ. ನನ್ನ ಕಿವಿಯ ಪಕ್ಕದಲ್ಲೇ ಆ ಉಸಿರು ನಿಂತುಹೋಗುತ್ತದೆ. ದಿನಕ್ಕೆ ಐದಾರು ಸಲ ಹೀಗೆ.

ಮೊನ್ನೆ ಟೇಪು ತಂದು ಅಳೆದೆ. ಬಾಗಿಲಿನ ತೆರವು 23 ಇಂಚು, ವಾಕರ್ 25. ಎರಡೇ ಇಂಚು, ಪುಟ್ಟೀ!

ಆಗ ನೆನಪಾದದ್ದು ನೀನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ಹಾಳೆ. ಒಂದು ಅಡಿಗೆ ಕಾಲು ಇಂಚಿನಂತೆ ಅಳತೆ ಇಳಿಸಿ, ಬಾಗಿಲಿಗೆ 32 ಇಂಚು ತೆರವು, ಗಾಲಿಕುರ್ಚಿ ತಿರುಗಲು 60 ಇಂಚಿನ ವೃತ್ತ ಎಂದು ಗೀರುತ್ತಿದ್ದೆ. ಅಂಗವಿಕಲರ ಹಕ್ಕಿಗಾಗಿ ಅಮೆರಿಕದಲ್ಲಿ 1990ರಲ್ಲಿ ಕಾನೂನು ಬಂತು, ಹೊಸದಾಗಿ ಕಟ್ಟುವ ಅಂಗಡಿ, ಆಸ್ಪತ್ರೆ, ಹೋಟೆಲುಗಳಲ್ಲಿ ಇಂಥ ಅಳತೆ ಪಾಲಿಸಲೇಬೇಕು ಎಂದು ಉತ್ಸಾಹದಿಂದ ವಿವರಿಸುತ್ತಿದ್ದೆ. ನಾನು, ತಟ್ಟೆ ಇಡಬೇಕು, ಅದನ್ನೆಲ್ಲ ಎತ್ತು ಎಂದೆ.

ಕಂಪ್ಯೂಟರ್ ಸೈನ್ಸ್ ಬಿಟ್ಟು ವೆಸ್ಟ್ ವ್ಯಾಲಿ ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಓದುತ್ತೇನೆ ಎಂದಾಗಲೂ ಹಾಗೇ. "ಪರದೆ, ದಿಂಬು ಹೊಂದಿಸುವುದಕ್ಕೂ ಒಂದು ಓದಾ?" ಎಂದುಬಿಟ್ಟೆ. ಅದು ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜು, ಅಂಥದ್ದೆಂದರೆ ಬೇರೆಲ್ಲೂ ಸೀಟು ಸಿಗದವರು ಹೋಗುವ ಜಾಗ ಎಂಬ ಅಳುಕು ನನಗೆ. ನಮ್ಮವರು ನಾಲ್ಕು ಜನ ಸೇರಿದಲ್ಲಿ ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳದೆ ಮಾತು ತಿರುಗಿಸಿದ್ದೇನೆ. ಒಮ್ಮೆ ನೀನು ನನ್ನ ಹಿಂದೆಯೇ ನಿಂತಿದ್ದೆ. ಅದಕ್ಕೆ ಕ್ಷಮೆ ಕೇಳುತ್ತೇನೆ, ಮಗಳೇ.

ದುಡ್ಡಿನ ವಿಚಾರದಲ್ಲಿ ನಿನ್ನ ಲೆಕ್ಕವೇ ಸರಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಪಾಠದ ಒಂದು ಯೂನಿಟ್‌ಗೆ ಶುಲ್ಕ 46 ಡಾಲರ್, ಎರಡು ವರ್ಷದ 60 ಯೂನಿಟ್‌ಗೆ 2,760. ಪುಸ್ತಕದ ಖರ್ಚು ಬೇರೆ. ಆಮೇಲೆ ಕೆಲವು ವರ್ಷ ಯಾರ ಕೈಕೆಳಗಾದರೂ ಕೆಲಸ, ಇಂಟೀರಿಯರ್ ಡಿಸೈನರುಗಳಿಗೆಂದೇ ಇರುವ ಐಡೆಕ್ಸ್ ಪರೀಕ್ಷೆ, ಅದಾದಮೇಲೆ ಹೆಸರಿನ ಮುಂದೆ ಸರ್ಟಿಫೈಡ್ ಎಂಬ ಮಾತು. ದಾರಿ ಉದ್ದವೇ. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಇನ್ನು ಮುಂದೆ ಆ ಮೇಜು ನಿನ್ನದು. ನಾವು ನೆಲದ ಮೇಲೆ ಕೂತು ಉಂಡರಾಯಿತು.

ಈಗ ಕೆಲಸದ ಮಾತು. ನಾಡಿದ್ದು ಗಾರೆ ಮೇಸ್ತ್ರಿ ಬರುತ್ತಾರೆ. ಹೊಸ್ತಿಲು ತೆಗೆದರೆ ಬಚ್ಚಲ ನೀರೆಲ್ಲ ನಡುಮನೆಗೆ ಹರಿಯುತ್ತದೆ ಎಂದು ಅವರ ವಾದ. ಅದೂ ನಿಜ, ಅಜ್ಜ ಹೊಸ್ತಿಲು ಎತ್ತರಿಸಿದ್ದೇ ಅದಕ್ಕೆ. ಹಾಗಾದರೆ ನೆಲದ ಇಳಿಜಾರು ಎಷ್ಟಿರಬೇಕು? ಒಳಗೆ ಐದೂವರೆ ಅಡಿ ಅಗಲ, ಎಂಟು ಅಡಿ ಉದ್ದ. ಹಂಡೆಯ ಒಲೆ ಎಡಮೂಲೆಯಲ್ಲಿದೆ, ಅದನ್ನು ಕದಲಿಸುವಂತಿಲ್ಲ. ಬಲಗಡೆ ಗೋಡೆಯಲ್ಲಿ ಹಿಡಿಕೆ ಯಾವ ಎತ್ತರಕ್ಕೆ ಹಾಕಿಸಲಿ? ಅಜ್ಜಿ ನಿನಗಿಂತ ಒಂದು ಗೇಣು ಗಿಡ್ಡ. ಬಾಗಿಲು ಈಗ ಒಳಕ್ಕೆ ತೆರೆಯುತ್ತದೆ. ಅವಳು ಒಳಗೆ ಬಿದ್ದರೆ ನಾನು ನೂಕಿದರೂ ತೆರೆಯಲಾರದು ಎಂದು ರಾತ್ರಿಯೆಲ್ಲ ಯೋಚಿಸಿದೆ. ಹೊರಕ್ಕೆ ತಿರುಗಿಸಲೇ?

ಒಂದು ನಕ್ಷೆ ಬರೆದು, ಫೋಟೋ ತೆಗೆದು ಕಳಿಸು. ನೀನು ಹೇಳುವವರೆಗೆ ಗೋಡೆ ಮುಟ್ಟಬೇಡಿ ಎಂದಿದ್ದೇನೆ.

ನಿನ್ನ
ಅಮ್ಮ